ಬಜರ್ ಹೊಡೆದಿತ್ತು

೧೧ ಫೆಬ್ರವರಿ

ಅಮ್ಮ,

ನಾಲ್ಕು ದಿನದಿಂದ ನೀನು ಫೋನ್ ಮಾಡುತ್ತಲೇ ಇದ್ದೀಯ, ನಾನು ಎತ್ತುತ್ತಿಲ್ಲ. ಸಿಟ್ಟೇನೂ ಇಲ್ಲ. ಫೋನು ಕಿವಿಯ ಹತ್ತಿರ ತಂದರೆ ಸಾಕು, ಕೆಳಗೆ ಇಟ್ಟುಬಿಡುತ್ತೇನೆ. ಯಾರದೇ ದನಿ ಇರಲಿ, ಕಿವಿಗೆ ಅಷ್ಟು ಹತ್ತಿರ ಬರುವುದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ. ಅದಕ್ಕೇ ಈ ಕಾಗದ. ಅಂಚೆಯವನು ನಿನ್ನ ಮೂರನೇ ಮಹಡಿ ಹತ್ತಿ ಏದುಸಿರು ಬಿಟ್ಟರೆ ನನ್ನ ಪರವಾಗಿ ನೀರು ಕೊಡು.

ವಿಷಯ ಪೇಪರಿನಲ್ಲಿ ಬರುವ ಮೊದಲು ನಾನೇ ಹೇಳಿಬಿಡುತ್ತೇನೆ. ಹೋದ ಶುಕ್ರವಾರ ಮಧ್ಯಾಹ್ನ ಎರಡು ವಿಮಾನಗಳು ಇನ್ನೇನು ಡಿಕ್ಕಿ ಹೊಡೆಯುವುದರಲ್ಲಿದ್ದವು. ಎರಡರಲ್ಲೂ ಸೇರಿ ಮುನ್ನೂರ ಎರಡು ಜನ. ಅವನ್ನು ನೋಡಿಕೊಳ್ಳುತ್ತಿದ್ದವಳು ನಾನು.

ನಮ್ಮ ಕೆಲಸ ನಿನಗೆ ಗೊತ್ತು. ಪರದೆಯ ಮೇಲಿನ ಒಂದೊಂದು ಚುಕ್ಕಿಯೂ ಒಂದೊಂದು ವಿಮಾನ. ಒಂದಕ್ಕೂ ಇನ್ನೊಂದಕ್ಕೂ ಮೇಲೆ ಕೆಳಗೆ ಸಾವಿರ ಅಡಿ ಇರಬೇಕು, ಇಲ್ಲವಾದರೆ ಅಕ್ಕಪಕ್ಕ ಒಂಬತ್ತು ಕಿಲೋಮೀಟರ್ ಇರಬೇಕು. ಎರಡರಲ್ಲಿ ಒಂದಾದರೂ ಇದ್ದೇ ಇರುವ ಹಾಗೆ ನೋಡಿಕೊಳ್ಳುವುದಕ್ಕೇ ನನಗೆ ಸಂಬಳ. ಅವತ್ತು ಒಂದೇ ಕಂಪನಿಯ ಎರಡು ವಿಮಾನ ಒಟ್ಟಿಗೆ ಬಂದವು. ಒಂದರ ನಂಬರು ಎರಡು ಒಂದು ಎಂಟು, ಇನ್ನೊಂದರದು ಎರಡು ಎಂಟು ಒಂದು. ನಾನು ಮೊದಲನೆಯದಕ್ಕೆ ಇಪ್ಪತ್ತೊಂಬತ್ತು ಸಾವಿರ ಅಡಿಯಿಂದ ಇಪ್ಪತ್ತೇಳಕ್ಕೆ ಇಳಿ ಅಂದೆ. ಉತ್ತರ ಕೊಟ್ಟದ್ದು ಎರಡನೆಯದು. ಆ ವಿಮಾನದ ಸಹ ಪೈಲಟ್ ತನ್ನ ನಂಬರು ಸರಿಯಾಗಿಯೇ ಹೇಳಿದ್ದಾನೆ. ಟೇಪಿನಲ್ಲಿ ಸ್ಪಷ್ಟವಾಗಿದೆ: ಎರಡು, ಎಂಟು, ಒಂದು. ನನಗೆ ಕೇಳಿಸಿದ್ದು ಮಾತ್ರ ಎರಡು, ಒಂದು, ಎಂಟು. ಈಗಲೂ ಕಣ್ಣು ಮುಚ್ಚಿದರೆ ಹಾಗೇ ಕೇಳಿಸುತ್ತದೆ. ಯಾವುದು ಕೇಳಬೇಕು ಅಂದುಕೊಂಡಿದ್ದೆನೋ ಅದನ್ನೇ ಕೇಳಿದೆ.

ಆ ಎರಡನೆಯ ವಿಮಾನವೂ ಇಪ್ಪತ್ತೊಂಬತ್ತು ಸಾವಿರದಲ್ಲೇ ಇತ್ತು, ತನಗೇ ಹೇಳಿದ್ದು ಅಂದುಕೊಂಡು ಇಳಿಯತೊಡಗಿತು. ಅದು ಇಳಿಯುವ ದಾರಿಯಲ್ಲಿ ಇಪ್ಪತ್ತೆಂಟು ಸಾವಿರ ಅಡಿಯಲ್ಲಿ ಮೂರನೆಯ ವಿಮಾನವೊಂದು ಅಡ್ಡ ಹಾದುಹೋಗುತ್ತಿತ್ತು. ವಿಮಾನಗಳ ಒಳಗೇ ಇರುವ ಯಂತ್ರಗಳು ಕೊನೇ ಗಳಿಗೆಯಲ್ಲಿ ಒಂದಕ್ಕೆ ಏರು, ಇನ್ನೊಂದಕ್ಕೆ ಇಳಿ ಅಂದವು. ಮೋಡದೊಳಗೆ ಇನ್ನೂರು ಅಡಿ ಅಂತರದಲ್ಲಿ ದಾಟಿಕೊಂಡವು. ಅಡ್ಡ ಹೋಗುತ್ತಿದ್ದ ವಿಮಾನ ಒಮ್ಮೆಗೇ ಕೆಳಗೆ ಬಿದ್ದ ರಭಸಕ್ಕೆ ನಿಂತಿದ್ದ ಗಗನಸಖಿಯೊಬ್ಬಳ ತಲೆ ಚಾವಣಿಗೆ ಬಡಿದಿದೆ. ಕತ್ತಿನ ಮೂಳೆ ಮುರಿದಿದೆ. ಇಪ್ಪತ್ತಾರು ವರ್ಷದ ಹುಡುಗಿ.

ನನ್ನನ್ನು ಸದ್ಯಕ್ಕೆ ಮನೆಯಲ್ಲಿ ಕೂರಿಸಿದ್ದಾರೆ. ವಿಚಾರಣಾ ಸಮಿತಿ ಒಂದು ಸಲ ಕರೆದು ಕೇಳಿತು. ಎರಡು ವಿಮಾನ ಹತ್ತಿರ ಬಂದರೆ ನಮ್ಮ ಹೆಡ್‌ಸೆಟ್‌ನಲ್ಲಿ ಬಜರ್ ಹೊಡೆಯಬೇಕು. ಅದೂ ಯಾಕೋ ಅವತ್ತು ಹೊಡೆಯಲಿಲ್ಲವಂತೆ.

ನೀನು ಹೊರಟು ಬರಬೇಡ. ಬಂದರೆ ನಾನು ಅಳುತ್ತೇನೆ, ಅತ್ತರೆ ನಿಲ್ಲುವುದಿಲ್ಲ.

ನಿನ್ನ
ಮರಿ


೧೭ ಫೆಬ್ರವರಿ

ಮರಿ,

ನಿನ್ನ ಕಾಗದ ಬಂತು. ಮೂರು ಸಲ ಓದಿದೆ, ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದೆ. ಅಂಚೆಯವರು ನೀರು ಬೇಡ ಅಂದ್ರು, ಲಿಫ್ಟ್ ಯಾವಾಗ ರಿಪೇರಿ ಆಗುತ್ತೆ ಅಂತ ಕೇಳಿದ್ರು. ನಾನೂ ಅದನ್ನೇ ಒಂದು ವರ್ಷದಿಂದ ಕೇಳ್ತಾ ಇದ್ದೀನಿ ಅಂದೆ.

ಮೊದಲು ಹೊಟ್ಟೆಗೆ ಏನಾದರೂ ತಿನ್ನು. ಬರೀ ಕಾಫಿ ಕುಡ್ಕೊಂಡು ಕೂತಿರ್ತೀಯ ಅಂತ ಗೊತ್ತು. ಕಿಟಕಿ ಪರದೆ ಎಳೆದು ಕತ್ತಲೆ ಮಾಡಿಕೊಂಡಿದ್ದರೆ ಸರಿಸಿಬಿಡು. ನಿದ್ದೆ ಮಾತ್ರೆ ತಗೊಂಡ್ರೆ ಯಾವುದು, ಎಷ್ಟು ಅಂತ ನನಗೆ ಬರಿ. ನಲವತ್ತು ವರ್ಷ ಆಸ್ಪತ್ರೆಯಲ್ಲಿ ಸವೆದಿದ್ದೀನಿ, ಅಷ್ಟು ಕೇಳೋ ಹಕ್ಕಿದೆ.

ಸತ್ತವರು ಯಾರೂ ಇಲ್ಲ. ಇದನ್ನ ಒಂದು ಚೀಟಿಯಲ್ಲಿ ಬರೆದು ಕನ್ನಡಿಗೆ ಅಂಟಿಸು. ಆ ಹುಡುಗಿಯ ಕೈಕಾಲಿನ ಬೆರಳು ಆಡ್ತವಾ ಅಂತ ವಿಚಾರಿಸು. ಬೆರಳು ಆಡಿದ್ರೆ ಹೆದರಬೇಕಾಗಿಲ್ಲ.

ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಉಳಿದದ್ದನ್ನೆಲ್ಲ ಹೇಳಿದೆ, ಕೇಳಿದೆ, ಅಂದೆ ಅಂತ ಬರೆದಿದ್ದೀಯ. ಬಜರ್ ವಿಷಯ ಬಂದಾಗ ಮಾತ್ರ ‘ಹೊಡೆಯಲಿಲ್ಲವಂತೆ’ ಅಂದಿದ್ದೀಯ. ಅಲ್ಲಿ ಕೂತಿದ್ದೋಳು ನೀನು, ಕಿವಿ ನಿಂದು. ಅದು ಯಾರು ಹೇಳಿದ ‘ಅಂತೆ’?

ನೀನು ಎರಡನೇ ಕ್ಲಾಸಿನಲ್ಲಿದ್ದಾಗ ಲೋಟ ಒಡೆದು ‘ಲೋಟ ಬಿತ್ತಂತೆ’ ಅಂತ ಬಂದು ಹೇಳಿದ್ದೆ.

ಉತ್ತರ ಬರೀಲೇಬೇಕು ಅಂತ ಏನಿಲ್ಲ.

ಅಮ್ಮ


೨ ಮಾರ್ಚ್

ಅಮ್ಮ,

ಹೊಡೆದಿತ್ತು.

ಇದನ್ನು ಬರೆದು ಅರ್ಧ ಗಂಟೆ ಎದ್ದು ಓಡಾಡಿ ಬಂದೆ. ಬಾಗಿಲ ಚಿಲಕ ಎರಡು ಸಲ ನೋಡಿದೆ. ಯಾರು ಬರುತ್ತಾರೆ ಅಂತಲೋ.

ಪರದೆಯ ಮೇಲಿನ ಮೂಲೆಯಲ್ಲಿ ವಿಮಾನಗಳು ತಿರುವು ತೆಗೆದುಕೊಳ್ಳುತ್ತವೆ. ಅವು ತಿರುಗುತ್ತವೆ ಅಂತ ಯಂತ್ರಕ್ಕೆ ಗೊತ್ತಿಲ್ಲ. ನೇರ ಹೋಗಿ ಎದುರಿನದಕ್ಕೆ ಗುದ್ದುತ್ತವೆ ಅಂದುಕೊಂಡು ಕೆಂಪು ಚೌಕ ತೋರಿಸುತ್ತದೆ, ಕಿವಿಯಲ್ಲಿ ಬಡಿದುಕೊಳ್ಳುತ್ತದೆ. ದಿನಕ್ಕೆ ಇಪ್ಪತ್ತು ಮೂವತ್ತು ಸಲ, ಎಲ್ಲವೂ ಸುಳ್ಳು. ಮೇಜಿನ ಅಂಚಿಗೆ ಒಂದು ಗುಂಡಿ ಇದೆ, ಒತ್ತಿದರೆ ಸದ್ದು ನಿಲ್ಲುತ್ತದೆ. ಅವತ್ತು ಆ ಹೊತ್ತಿಗೆ ಹತ್ತೊಂಬತ್ತು ಸಲ ಒತ್ತಿದ್ದೆ. ಇಪ್ಪತ್ತನೆಯದನ್ನೂ ಒತ್ತಿದೆ. ಕಣ್ಣು ಇನ್ನೊಂದು ಕಡೆ ಇತ್ತು, ಬೆರಳು ತಾನಾಗಿಯೇ ಹೋಯಿತು. ಮತ್ತೆ ಆ ಕಡೆ ತಿರುಗಿದಾಗ ಎರಡು ಚುಕ್ಕಿ ಒಂದರ ಮೇಲೊಂದು ಕೂತಿದ್ದವು. ಗುಂಡಿ ಒತ್ತಿದ್ದಕ್ಕೂ ತಿರುಗಿ ನೋಡಿದ್ದಕ್ಕೂ ನಡುವೆ ಇಪ್ಪತ್ತೆರಡು ಸೆಕೆಂಡು. ಒಂದು ಮಾತು ಹೇಳುವುದಕ್ಕೆ ನಾಲ್ಕು ಸೆಕೆಂಡು ಸಾಕಿತ್ತು.

ನಮ್ಮದು ಹಳೆಯ ಯಂತ್ರ. ಕೆಂಪು ಚೌಕ ಮೂಡಿದ್ದು ದಾಖಲಾಗುತ್ತದೆ. ಸದ್ದು ಬಂತೋ ಇಲ್ಲವೋ, ಗುಂಡಿ ಒತ್ತಿದೆನೋ ಇಲ್ಲವೋ, ಯಾವುದೂ ದಾಖಲಾಗುವುದಿಲ್ಲ. ಆ ಸದ್ದು ನನ್ನ ಹೆಡ್‌ಸೆಟ್ ಬಿಟ್ಟು ಹೊರಗೆ ಯಾರಿಗೂ ಕೇಳಿಸುವುದಿಲ್ಲ. ಅಂದರೆ ಇದು ಗೊತ್ತಿರುವುದು ನನಗೊಬ್ಬಳಿಗೆ. ಈಗ ನಿನಗೆ.

ಸುಳ್ಳು ಹೇಳಬೇಕು ಅಂತ ನಾನು ಹೋಗಿರಲಿಲ್ಲ. ಸಮಿತಿಯ ಅಧ್ಯಕ್ಷರು ಹಳೇ ಪೈಲಟ್, ಮೆತ್ತಗೆ ಮಾತಾಡುವ ಮನುಷ್ಯ. ಫ್ಲಾಸ್ಕಿನಿಂದ ಬಿಸಿನೀರು ಬಗ್ಗಿಸಿಕೊಳ್ಳುತ್ತಾ, ‘ಬಜರ್ ನಿಮಗೆ ಕೇಳಿಸಲಿಲ್ಲ, ಅಲ್ವಾ?’ ಅಂದರು. ಪ್ರಶ್ನೆಯಲ್ಲೇ ಬಾಗಿಲು ತೆರೆದಿತ್ತು. ‘ಇಲ್ಲ ಸರ್’ ಅಂದೆ. ಅವರು ಬರೆದುಕೊಂಡರು. ಒಂದು ನಿಮಿಷದ ಕೆಲಸ.

ಈಗ ಪ್ರತಿ ಸಣ್ಣ ಸದ್ದಿಗೂ ಬೆಚ್ಚಿ ಬೀಳುತ್ತೇನೆ. ಕುಕ್ಕರ್ ಇಡುವುದು ಬಿಟ್ಟಿದ್ದೇನೆ. ನಿನ್ನೆ ಅಂಗಡಿಗೆ ಹೋದಾಗ ಮೇಲೆ ವಿಮಾನ ಹೋಯಿತು. ಎಲ್ಲರೂ ತಮ್ಮ ಪಾಡಿಗೆ ನಡೆಯುತ್ತಿದ್ದರು, ನಾನೊಬ್ಬಳು ರಸ್ತೆ ಮಧ್ಯೆ ನಿಂತು ಇನ್ನೊಂದು ಎಲ್ಲಿದೆ ಅಂತ ಹುಡುಕುತ್ತಿದ್ದೆ.

ಹುಡುಗಿಯ ಕಾಲಿನ ಬೆರಳು ಆಡುತ್ತವೆ. ಬಲಗೈಯದು ಇನ್ನೂ ಇಲ್ಲ.

ಮರಿ


೮ ಮಾರ್ಚ್

ಮರಿ,

ನಿನ್ನ ಕಾಗದ ಸುಟ್ಟು ಹಾಕಿದ್ದೀನಿ. ನೀನೂ ಇದನ್ನ ಓದಿದ ಮೇಲೆ ಹರಿದು ಬಿಡು. ಇನ್ಮೇಲೆ ಈ ವಿಷಯ ಕಾಗದದಲ್ಲಿ ಬೇಡ.

ಬಾಯಿ ಮುಚ್ಚಿಕೊಂಡಿರು. ಒಂದು ಸಲ ಇಲ್ಲ ಅಂದಿದ್ದೀಯ, ಇನ್ನು ನೂರು ಸಲ ಕೇಳಿದ್ರೂ ಇಲ್ಲ ಅಂತಲೇ ಹೇಳು. ಇದನ್ನ ನಿನ್ನ ತಾಯಿ ಹೇಳ್ತಿದ್ದಾಳೆ.

ನಾನು ವಾರ್ಡ್ ಬಿಟ್ಟು ಬಟ್ಟೆ ವಿಭಾಗಕ್ಕೆ ಹೋದದ್ದು ಸೊಂಟನೋವಿಗೆ ಅಂತ ನಿನಗೆ ಹೇಳಿದ್ದೆ. ನನ್ನ ಸೊಂಟ ಕಬ್ಬಿಣದ ಹಾಗಿದೆ. ಒಂದು ದಿನ ವಾರ್ಡಿನಲ್ಲಿ ನಾಲ್ಕನೇ ಮಂಚದವರಿಗೆ ಕೊಡಬೇಕಾಗಿದ್ದ ಇಂಜೆಕ್ಷನ್ ಆರನೇ ಮಂಚದ ಅಜ್ಜನಿಗೆ ಚುಚ್ಚಿದೆ. ಸೂಜಿ ತೆಗೆಯುವಾಗಲೇ ಗೊತ್ತಾಯಿತು. ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಹೇಳದಿದ್ದಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲ, ಮುದುಕರ ಹೃದಯ ನಿಂತುಹೋಯಿತು ಅಂತಿದ್ರು. ಹೇಳಿದ್ದರಿಂದ ಅಜ್ಜ ಉಳಿದರು, ಆಮೇಲೆ ಆರು ವರ್ಷ ಬದುಕಿದ್ರು. ನನಗೆ ಸಿಕ್ಕಿದ್ದೇನು? ಹದಿನೇಳು ವರ್ಷದಿಂದ ಹಾಸಿಗೆ ಹೊದಿಕೆ ಮಡಚುತ್ತಾ ಇದ್ದೀನಿ. ನನ್ನ ಕೈಕೆಳಗೆ ಕಲಿತ ಹುಡುಗಿಯರು ಕಾರಿಡಾರಿನಲ್ಲಿ ನನ್ನ ನೋಡಿ ದಾರಿ ಬದಲಿಸಿದ್ರು. ‘ಹೇಳೋ ಅಗತ್ಯ ಏನಿತ್ತು ನಿನಗೆ?’ ಅಂತ ನಿಮ್ಮಪ್ಪ ಕೇಳಿದ್ರು. ಸಾಯೋ ತನಕ ಕೇಳಿದ್ರು.

ನಿನಗೆ ಆ ಕೆಲಸ ಬಿಟ್ಟರೆ ಬೇರೆ ಏನು ಬರುತ್ತೆ? ಮಾತು ಕೇಳು.

ಬೇಳೆ ಬೇಯಿಸೋಕೆ ಕುಕ್ಕರ್ ಬೇಕಾಗಿಲ್ಲ, ರಾತ್ರಿ ನೆನೆಹಾಕಿದ್ರೆ ಪಾತ್ರೆಯಲ್ಲೇ ಬೇಯುತ್ತೆ.

ಅಮ್ಮ


೧೯ ಏಪ್ರಿಲ್

ಅಮ್ಮ,

ಇಷ್ಟು ದಿನ ನಿನ್ನ ಮಾತು ಕೇಳಿದೆ. ಸಮಿತಿ ಮತ್ತೊಮ್ಮೆ ಕರೆದಾಗಲೂ ಇಲ್ಲ ಅಂದೆ. ಎರಡನೇ ಸಲ ಸುಲಭವಾಯಿತು, ಅದೇ ಭಯವಾಯಿತು.

ಸದ್ಯದಲ್ಲೇ ನನ್ನನ್ನು ಕೆಲಸಕ್ಕೆ ತಗೊಳ್ಳುತ್ತಾರಂತೆ. ನಂಬರು ತಪ್ಪಾಗಿ ಕೇಳಿಸಿಕೊಳ್ಳುವುದು ಯಾರಿಗಾದರೂ ಆಗಬಹುದಾದ ತಪ್ಪು, ಬಜರ್ ಹೊಡೆದಿದ್ದರೆ ತಿದ್ದಿಕೊಳ್ಳುತ್ತಿದ್ದಳು ಅಂತ ಕರಡು ವರದಿಯಲ್ಲಿ ಬರೆದಿದ್ದಾರೆ. ನಮ್ಮ ಶಿಫ್ಟ್ ಇನ್‌ಚಾರ್ಜ್ ಮನೆಗೆ ಬಂದು ಬೆನ್ನು ತಟ್ಟಿ ಹೇಳಿಹೋದರು. ಹಾಗಾದರೆ ಬಜರ್ ಯಾಕೆ ಹೊಡೆಯಲಿಲ್ಲ? ಆ ಪ್ರಶ್ನೆ ಹೋಗಿ ಇನ್ನೊಬ್ಬರ ತಲೆಯ ಮೇಲೆ ಕೂತಿದೆ.

ನಮ್ಮ ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನಿಷಿಯನ್ ಒಬ್ಬರಿದ್ದಾರೆ. ಐವತ್ತರ ಮೇಲಿನವರು. ಜೇಬಿನಲ್ಲಿ ಯಾವಾಗಲೂ ಟೆಸ್ಟರ್ ಸಿಕ್ಕಿಸಿಕೊಂಡಿರುವುದರಿಂದ ಎಲ್ಲರೂ ಅವರನ್ನು ಟೆಸ್ಟರ್ ಅಂತಲೇ ಕರೆಯುವುದು. ಪ್ರತಿ ಶುಕ್ರವಾರ ಬೆಳಿಗ್ಗೆ ಒಂದೊಂದು ಮೇಜಿನಲ್ಲೂ ಕೂತು, ಹೆಡ್‌ಸೆಟ್ ಹಾಕಿಕೊಂಡು, ಬಜರ್ ಹೊಡೆಸಿ, ಪುಸ್ತಕದಲ್ಲಿ ಸಹಿ ಹಾಕುತ್ತಾರೆ. ಆ ಶುಕ್ರವಾರವೂ ಹಾಕಿದ್ದಾರೆ. ಪರೀಕ್ಷೆ ಮಾಡದೆ ಸಹಿ ಹಾಕಿದ್ದಾರೆ ಅಂತ ಅವರನ್ನು ಸಸ್ಪೆಂಡ್ ಮಾಡಿದ್ದಾರೆ.

ಮೊನ್ನೆ ಸಂಜೆ ಅವರು ನನ್ನ ಬಾಗಿಲಿಗೆ ಬಂದರು. ಬಾಗಿಲ ತೂತಿನಲ್ಲಿ ಅವರ ಮುಖ ನೋಡಿದೆ. ಗೊತ್ತಾಗಿಬಿಟ್ಟಿದೆ, ಜಗಳಕ್ಕೆ ಬಂದಿದ್ದಾರೆ ಅಂದುಕೊಂಡೆ. ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತರು.

‘ಮೇಡಂ, ನಿಮಗೆ ತೊಂದರೆ ಕೊಡೋಕೆ ಬರಲಿಲ್ಲ. ಒಂದೇ ಒಂದು ಕೇಳ್ಕೊಂಡು ಹೋಗ್ತೀನಿ. ಅವತ್ತು ಬಜರ್ ನಿಜವಾಗ್ಲೂ ಹೊಡೀಲಿಲ್ವಾ?’

ನಾನು ಇಲ್ಲ ಅಂದೆ. ಮೂರನೇ ಸಲ, ಅಮ್ಮ. ಮುಖ ನೋಡಿಕೊಂಡು.

ಅವರು ಸಿಟ್ಟು ಮಾಡಲಿಲ್ಲ. ‘ಹಾಗಾದ್ರೆ ನಾನೇ ಮರೆತಿರ್ತೀನಿ’ ಅಂದರು. ‘ನಾನು ಟೆಸ್ಟ್ ಮಾಡಿದ್ದು ನನಗೆ ಚೆನ್ನಾಗಿ ನೆನಪಿದೆ. ಆದ್ರೆ ಅದು ಹಿಂದಿನ ಶುಕ್ರವಾರದ ನೆನಪಿರಬಹುದು. ಎಲ್ಲಾ ಶುಕ್ರವಾರನೂ ಒಂದೇ ಥರ ಅಲ್ವಾ ಮೇಡಂ. ನಮ್ಮಣ್ಣನಿಗೂ ಐವತ್ತೈದಕ್ಕೇ ಮರೆವು ಶುರುವಾಯ್ತು. ಕೊನೆಗೆ ತನ್ನ ಮಕ್ಕಳ ಗುರುತೇ ಇರಲಿಲ್ಲ.’

ಮನೆಯಲ್ಲಿ ಗ್ಯಾಸ್ ಆರಿಸಿದ್ದೀನೋ ಇಲ್ಲವೋ ಅಂತ ರಸ್ತೆಯ ತುದಿಯಿಂದ ವಾಪಸ್ ಹೋಗಿ ನೋಡುತ್ತಾರಂತೆ, ಎರಡು ಸಲ, ಮೂರು ಸಲ. ಹೆಂಡತಿ ಸ್ವಿಚ್ಚು ಹಾಕಲು ಹೇಳಿದರೂ, ಹಾಕಿದೆನಾ ಅಂತ ಅವಳನ್ನೇ ಕೇಳುತ್ತಾರಂತೆ. ಡಾಕ್ಟರ ಹತ್ತಿರ ತಲೆಯ ಪರೀಕ್ಷೆಗೆ ಬರೆಸಿಕೊಂಡಿದ್ದಾರೆ. ಆ ಚೀಟಿ ನನಗೆ ತೋರಿಸಿದರು.

ಹೋಗುವಾಗ ಬಾಗಿಲಲ್ಲಿ ನಿಂತು, ‘ನನ್ನಿಂದ ನಿಮಗೆ ಹೀಗಾಯ್ತು. ತಪ್ಪು ತಿಳ್ಕೋಬೇಡಿ’ ಅಂದರು.

ಕೆಲಸ ಹೋದರೆ ಇನ್ನೊಂದು ಕೆಲಸ ಸಿಗುತ್ತದೆ. ನಾನು ಅವರಿಂದ ಕಿತ್ತುಕೊಂಡಿರುವುದು ಬೇರೆ ಏನೋ. ಅದಕ್ಕೆ ಏನನ್ನುತ್ತಾರೆ ಅಂತಲೂ ನನಗೆ ಗೊತ್ತಿಲ್ಲ.

ಮರಿ


೩ ಮೇ

ಅಮ್ಮ,

ನಿನ್ನ ಉತ್ತರ ಬರಲಿಲ್ಲ. ಬರೆಯುವುದು ಬೇಡ ಅಂದಿದ್ದೆ, ನಾನು ಬರೆದೆ. ಸಿಟ್ಟಾಗಿದ್ದರೆ ಇರಲಿ.

ಒಂದೇ ಪ್ರಶ್ನೆ ಕೇಳುತ್ತೇನೆ. ಇಂಜೆಕ್ಷನ್ ವಿಷಯ ಡಾಕ್ಟರಿಗೆ ಹೇಳಿ ಮನೆಗೆ ಬಂದೆಯಲ್ಲ, ಅವತ್ತು ನಿನಗೆ ನಿದ್ದೆ ಬಂತಾ?

ಮರಿ


೧೪ ಮೇ

ಮರಿ,

ಬಂತು.

ಇಷ್ಟು ಬರೆಯೋಕೆ ಆರು ಕಾಗದ ಹರಿದೆ. ‘ಬರಲಿಲ್ಲ’ ಅಂತ ಬರೆದಿದ್ರೆ ನೀನು ಸುಮ್ಮನಿರ್ತಿದ್ದೆ, ನಿನ್ನ ಕೆಲಸ ಉಳಿಯುತ್ತಿತ್ತು. ಅದನ್ನೂ ಒಂದು ಸಲ ಬರೆದೆ, ಲಕೋಟೆಗೆ ಹಾಕಿ ಅಂಟು ಕೂಡ ಹಚ್ಚಿದ್ದೆ. ಅಂಚೆಪೆಟ್ಟಿಗೆ ತನಕ ಹೋಗಿ ವಾಪಸ್ ಬಂದೆ.

ಅವತ್ತು ಮನೆಗೆ ಬಂದು ಯೂನಿಫಾರ್ಮ್‌ನಲ್ಲೇ ಬಿದ್ದುಕೊಂಡೆ. ನಿಮ್ಮಪ್ಪ ಎಬ್ಬಿಸೋಕೆ ನೋಡಿದ್ರಂತೆ, ನೀನು ಅಳುತ್ತಿದ್ದೆಯಂತೆ, ನನಗೆ ಒಂದೂ ಗೊತ್ತಿಲ್ಲ. ಆಮೇಲೆ ಎಷ್ಟೋ ದಿನ ನಿದ್ದೆ ಇರಲಿಲ್ಲ. ಅವಮಾನಕ್ಕೆ, ನಿಮ್ಮಪ್ಪನ ಮಾತಿಗೆ, ಮುಂದೇನು ಅನ್ನೋ ದಿಗಿಲಿಗೆ. ಆದ್ರೆ ಆ ಅಜ್ಜನ ಮುಖ ಒಂದು ದಿನವೂ ಕನಸಿನಲ್ಲಿ ಬರಲಿಲ್ಲ.

ನಿನಗೂ ಹಾಗೇ ಆಗುತ್ತೆ ಅಂತ ನಾನು ಹೇಳ್ತಿಲ್ಲ. ಹೋಗಿ ಹೇಳು ಅಂತಲೂ ಹೇಳ್ತಿಲ್ಲ. ನನಗೆ ತುಂಬಾ ಹೆದರಿಕೆ ಆಗ್ತಿದೆ, ಮಗಳೇ. ನೀನು ಕೇಳಿದ್ದಕ್ಕೆ ಉತ್ತರ ಕೊಟ್ಟೆ, ಅಷ್ಟೇ.

ಏನು ಮಾಡಿದ್ರೂ ಮೊದಲು ಊಟ ಮಾಡಿ ಹೋಗು.

ಅಮ್ಮ


೨೦ ಜೂನ್

ಅಮ್ಮ,

ಹೇಳಿದೆ. ಮೂರು ವಾರವಾಯಿತು. ಪೇಪರಿನಲ್ಲಿ ಬಂದದ್ದು ನೋಡಿರುತ್ತೀಯ, ನನ್ನ ಹೆಸರು ಹಾಕಿಲ್ಲ, ಆದರೆ ಇಲ್ಲಿ ಎಲ್ಲರಿಗೂ ಗೊತ್ತು.

ಅಧ್ಯಕ್ಷರು ಫ್ಲಾಸ್ಕಿನ ಮುಚ್ಚಳ ಕೈಯಲ್ಲೇ ಹಿಡಿದುಕೊಂಡು ಪೂರ್ತಿ ಕೇಳಿದರು. ‘ಮೊದಲೇ ಯಾಕೆ ಹೇಳಲಿಲ್ಲ?’ ಅಂದರು.

‘ಹೆದರಿಕೆಯಾಗಿತ್ತು ಸರ್.’

‘ಈಗ ಆಗ್ತಿಲ್ವಾ?’

‘ಈಗಲೂ ಆಗ್ತಿದೆ.’

ಅವರು ತುಂಬಾ ಹೊತ್ತು ಬರೆದುಕೊಂಡರು. ಆಮೇಲೆ ನಮ್ಮ ವಿಭಾಗದವರನ್ನೆಲ್ಲ ಸೇರಿಸಿ, ಆ ಮೂಲೆಯ ಬಜರನ್ನು ನೋಡದೆಯೇ ಆರಿಸುವವರು ಬೇರೆ ಯಾರಾದರೂ ಇದ್ದೀರಾ ಅಂತ ಕೇಳಿದರಂತೆ. ಒಬ್ಬರೂ ಕೈ ಎತ್ತಲಿಲ್ಲ. ಹೆಸರು ಬರೆಯದೆ ಚೀಟಿ ಹಾಕಿ ಅಂದಾಗ ಮೂವತ್ತನಾಲ್ಕು ಚೀಟಿಯಲ್ಲಿ ಮೂವತ್ತೊಂದು ‘ಹೌದು’ ಬಂದವು. ಹನ್ನೆರಡು ವರ್ಷದಿಂದ ಹಾಗೇ ಬಡಿದುಕೊಳ್ಳುತ್ತಿದ್ದ ಮೂಲೆಯನ್ನು ಹದಿನೈದು ದಿನದಲ್ಲಿ ಸರಿ ಮಾಡಿದ್ದಾರೆ. ಈಗ ದಿನಕ್ಕೆ ಒಂದೋ ಎರಡೋ ಸಲ ಹೊಡೆಯುತ್ತದಂತೆ. ಹೊಡೆದಾಗ ಎಲ್ಲರೂ ನೋಡುತ್ತಾರಂತೆ.

ನನ್ನ ಲೈಸೆನ್ಸ್ ರದ್ದಾಯಿತು. ತನಿಖೆಯಲ್ಲಿ ಸುಳ್ಳು ಹೇಳಿದ್ದಕ್ಕೆ ಬೇರೆ ಕೇಸು ಹಾಕಬಹುದು ಅಂತ ವಕೀಲರು ಹೇಳಿದರು. ಬಾಗಿಲಿಗೆ ಯಾರು ಬಂದರೂ ಈಗಲೂ ಹೆದರಿಕೆಯಾಗುತ್ತದೆ. ಸುಳ್ಳು ಗೊತ್ತಾಗಿಬಿಡುತ್ತದೆ ಅಂತ ಮೊದಲಿನಿಂದ ಇದ್ದ ಆ ಇನ್ನೊಂದು ಹೆದರಿಕೆ ಮಾತ್ರ ಇಲ್ಲ. ಇನ್‌ಚಾರ್ಜ್ ಮೆಟ್ಟಿಲ ಮೇಲೆ ಸಿಕ್ಕಿದರು, ಗೋಡೆಗೆ ಸರಿದು ದಾರಿ ಬಿಟ್ಟರು. ನಿನ್ನ ಕಾರಿಡಾರು ನೆನಪಾಯಿತು.

ಗಗನಸಖಿಗೆ ಕತ್ತಿನ ಪಟ್ಟಿ ಬಿಚ್ಚಿದ್ದಾರೆ. ಬಲಗೈಯಲ್ಲಿ ಹಿಡಿತ ಇನ್ನೂ ಬಂದಿಲ್ಲ. ನೋಡಲು ಬರಲೇ ಅಂತ ಅವಳ ತಂದೆಗೆ ಬರೆದಿದ್ದೆ. ಬೇಡ ಅಂತ ಒಂದೇ ಸಾಲಿನ ಉತ್ತರ ಬಂತು.

ನಿನ್ನೆ ಗುರುತಿನ ಚೀಟಿ, ಲಾಕರ್ ಕೀಲಿ ಒಪ್ಪಿಸಲು ಹೋಗಿದ್ದೆ. ಶುಕ್ರವಾರ ಬೆಳಿಗ್ಗೆ. ಶಿಫ್ಟ್ ಬದಲಾಗುವ ಹೊತ್ತು, ನನ್ನ ಹಳೆಯ ಮೇಜಿನಲ್ಲಿ ಟೆಸ್ಟರ್ ಒಬ್ಬರೇ ಕೂತಿದ್ದರು. ಅವರನ್ನು ವಾಪಸ್ ತಗೊಂಡು ಹತ್ತು ದಿನವಾಗಿದೆ. ನಾನು ಕ್ಷಮೆ ಕೇಳಿ ಬರೆದ ಕಾಗದಕ್ಕೆ ಅವರು ಉತ್ತರ ಬರೆದಿರಲಿಲ್ಲ. ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ.

‘ಮೇಡಂ, ಒಂದು ನಿಮಿಷ’ ಅಂದರು. ಹೆಡ್‌ಸೆಟ್ ಮುಂದೆ ಹಿಡಿದರು. ‘ಹಾಕ್ಕೊಳ್ಳಿ.’

ನಾಲ್ಕೂವರೆ ತಿಂಗಳಿಂದ ನಾನು ಕಿವಿಗೆ ಫೋನು ಕೂಡ ಇಟ್ಟಿಲ್ಲ ಅಂತ ಅವರಿಗೆ ಹೇಗೆ ಹೇಳಲಿ? ಹಾಕಿಕೊಂಡೆ. ಅವರು ಬಜರ್ ಹೊಡೆಸಿ ನೋಡುವ ಪರೀಕ್ಷೆಯ ಗುಂಡಿ ಒತ್ತಿದರು. ಅದೇ ಸದ್ದು.

‘ಕೇಳಿಸ್ತಾ?’

‘ಕೇಳಿಸ್ತು.’

ಪುಸ್ತಕದಲ್ಲಿ ಸಮಯ ಬರೆದರು. ನನ್ನ ಸಹಿಗೆ ಬೆಲೆಯಿಲ್ಲ ಅಂತ ಇಬ್ಬರಿಗೂ ಗೊತ್ತು, ಆದರೂ ಪಕ್ಕದಲ್ಲಿ ಹಾಕಿಸಿಕೊಂಡರು. ನಾನು ಹೆಡ್‌ಸೆಟ್ ತೆಗೆಯಲು ಕೈ ಎತ್ತಿದೆ.

‘ಇರಿ’ ಅಂದರು. ಮತ್ತೆ ಒತ್ತಿದರು. ‘ಕೇಳಿಸ್ತಾ?’

‘ಕೇಳಿಸ್ತು.’

ಇನ್ನೊಂದು ಸಲ. ಅವರು ನನ್ನ ಕಡೆ ನೋಡುತ್ತಿರಲಿಲ್ಲ, ಗುಂಡಿಯ ಮೇಲಿದ್ದ ತಮ್ಮ ಬೆರಳನ್ನೇ ನೋಡುತ್ತಿದ್ದರು. ಹೊಸ ಶಿಫ್ಟಿನವರು ಬಂದು ನಮ್ಮ ಹಿಂದೆ ನಿಂತರು. ಏಳನೆಯದೋ ಎಂಟನೆಯದೋ ಆದ ಮೇಲೆ ನಾನು ಎಣಿಸುವುದು ಬಿಟ್ಟೆ. ಅವರು ಒತ್ತುತ್ತಲೇ ಇದ್ದರು, ನಾನು ಪ್ರತಿ ಸಲವೂ ಕೇಳಿಸಿತು ಅಂತ ಹೇಳುತ್ತಲೇ ಇದ್ದೆ.

ನಿನ್ನ
ಮರಿ